ಹಾಸಿಗೆಯಿಂದ ಕಾಣುವ ಚಿತ್ರ

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ನಿಂತು ಚಾವಣಿ ನೋಡಿದರೆ ಐದೇ ನಿಮಿಷಕ್ಕೆ ಕತ್ತು ಹಿಡಿದುಕೊಳ್ಳುತ್ತದೆ. ಆ ಚಿತ್ರಗಳನ್ನು ಸರಿಯಾಗಿ ನೋಡಬೇಕೆಂದರೆ ಅಂಗಾತ ಮಲಗಬೇಕು. ಆಗ ಮೇನೆಯಲ್ಲಿ ಕುಳಿತ ವಿದ್ಯಾರಣ್ಯರ ಮೆರವಣಿಗೆ ಸಾಲುಸಾಲಾಗಿ ಸಾಗುತ್ತದೆ, ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿ ಹಿಡಿಯುತ್ತಾನೆ, ಗಿರಿಜೆಯ ಮದುವೆ ನಡೆಯುತ್ತದೆ, ತ್ರಿಪುರಾಂತಕ ಬಿಲ್ಲೆತ್ತುತ್ತಾನೆ. ಮಂಟಪ ಕಟ್ಟಿಸಿದವನು ಕೃಷ್ಣದೇವರಾಯ, 1510ರ ಸುಮಾರಿಗೆ. ಚಿತ್ರಗಳು ಯಾವ ಕಾಲದವು ಎಂಬ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದ್ದೇ ಇದೆ. ಜಾತ್ರೆಗೆ ಬಂದು, ಕಟ್ಟಿ ತಂದ ಬುತ್ತಿ ಉಂಡು, ಗಂಟನ್ನೇ ತಲೆದಿಂಬು ಮಾಡಿಕೊಂಡು ಒರಗುವ ಹಳ್ಳಿಯವರಿಗೆ ಆ ಜಗಳ ಬೇಕಿಲ್ಲ. ಕಣ್ಣು ಬಿಟ್ಟರೆ ಚಿತ್ರ, ಮುಚ್ಚಿದರೆ ನಿದ್ದೆ.

ಅದೇ ಭಂಗಿಯಲ್ಲಿ ಹಗಲೂ ರಾತ್ರಿಯೂ ಕಳೆಯುವ ಇನ್ನೊಂದು ಜನ ನಮ್ಮ ನಡುವೆ ಬೆಳೆಯುತ್ತಿದೆ. ವೃದ್ಧಾಶ್ರಮಗಳಲ್ಲಿ, ಬುದ್ಧಿಮಾಂದ್ಯರ ವಸತಿಗಳಲ್ಲಿ, ನಿರ್ಗತಿಕರ ಪರಿಹಾರ ಕೇಂದ್ರಗಳಲ್ಲಿ, ಗುಣವಾಗದ ಕಾಯಿಲೆಯವರ ಆಶ್ರಯಗಳಲ್ಲಿ ಮಲಗಿರುವವರು. ಅವರ ಕಣ್ಣಿಗೆ ಕಾಣುವುದೇನು? ಒಂದು ಫ್ಯಾನು, ಒಂದು ಟ್ಯೂಬ್‌ಲೈಟು, ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕಂದುಗಟ್ಟುವ ತೇವದ ಕಲೆ. ಎದುರು ಗೋಡೆಯಲ್ಲಿ ಏನಾದರೂ ಇದ್ದರೆ ಅದು ದಾನಿಗಳ ಹೆಸರಿನ ಗ್ರಾನೈಟ್ ಹಲಗೆ, ಉದ್ಘಾಟನೆಯ ಫೋಟೊ, ಔಷಧಿ ಕಂಪನಿಯ ಕ್ಯಾಲೆಂಡರು. ಒಳ್ಳೆಯ ಚಿತ್ರವೇನಾದರೂ ಇದ್ದರೆ ಕಚೇರಿಯಲ್ಲಿರುತ್ತದೆ, ಇಲ್ಲವೇ ಮುಖ್ಯ ದ್ವಾರದ ಹಜಾರದಲ್ಲಿ. ಅಂದರೆ ಬಂದು ಹೋಗುವವರಿಗೆ ಚಿತ್ರ, ಅಲ್ಲೇ ಇರುವವರಿಗೆ ಬರಿಗೋಡೆ.

ಇದು ತಿರುವುಮುರುವಾಗಬೇಕು. ಆರೈಕೆಯ ಮನೆಯಲ್ಲಿ ಇರುವವರೂ ಸಾರ್ವಜನಿಕರೇ. ಊರಿನ ರಸ್ತೆ, ಗುಡಿ, ಬಸ್ ನಿಲ್ದಾಣಗಳ ಕಲೆಯ ಮೇಲೆ ಎಲ್ಲರಿಗೂ ಇರುವ ಹಕ್ಕು ಅವರಿಗೂ ಉಂಟು. ಅವರು ಊರಿಗೆ ಬರಲಾರರಾದ್ದರಿಂದ ಕಲೆ ಅವರಿರುವಲ್ಲಿಗೆ ಹೋಗಬೇಕು, ಅವರ ಕಣ್ಣಿನ ಎತ್ತರಕ್ಕೆ, ಅವರ ನೆನಪಿನ ಭಾಷೆಯಲ್ಲಿ, ಸಾಧ್ಯವಾದಷ್ಟು ಅವರದೇ ಕೈಯಿಂದ.

ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನಂಥ ಊರನ್ನು ನೆನೆಸಿಕೊಂಡರೆ ಈ ಮಾತಿಗೆ ಮೈ ಬರುತ್ತದೆ. ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಸೀಮೆ ಅದು. ಅಲ್ಲಿ ಯಾರೂ ಕಲಾ ಗ್ಯಾಲರಿ ನೋಡಿರಲಿಕ್ಕಿಲ್ಲ, ಆದರೆ ಚಿತ್ರವಿಲ್ಲದ ದಿನವೂ ಯಾರಿಗೂ ಇಲ್ಲ. ಬೆಳಗಾದರೆ ಸಾರಿಸಿದ ಅಂಗಳದಲ್ಲಿ ರಂಗೋಲಿ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ. ಮೊಹರಂನಲ್ಲಿ ಅಲಾಯಿ ಪಂಜಾಗಳ ಜರಿಬಟ್ಟೆ. ತೇರಿನ ದಿನ ಗೊಂಬೆ, ಬಾವುಟ, ಬಾಳೆಕಂದು. ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಯಾರೋ ಬರೆಸಿದ ಹುಲಿ, ಕಿರಾಣಿ ಅಂಗಡಿಯ ಗೋಡೆಯ ಮೇಲೆ ಸಿಮೆಂಟ್ ಜಾಹೀರಾತು, ಕಟ್ಟೆಯ ಮೇಲೆ ನಾಗರಕಲ್ಲು. ಎಪ್ಪತ್ತು ವರ್ಷ ಹೀಗೆ ಬಣ್ಣದ ನಡುವೆ ಬಾಳಿದ ಒಬ್ಬ ಮುದುಕಿ ಬಳ್ಳಾರಿಯ ಕಡೆಗೋ ಹೊಸಪೇಟೆಯ ಕಡೆಗೋ ಯಾವುದೋ ಆಶ್ರಮ ಸೇರಿದಳು ಅಂದುಕೊಳ್ಳೋಣ. ಅವಳಿಗೆ ಮಗ ಇಲ್ಲದ ಸಂಕಟ ಒಂದಾದರೆ ತಿಳಿನೀಲಿ ಡಿಸ್ಟೆಂಪರಿನ ನಾಲ್ಕು ಗೋಡೆ ಇನ್ನೊಂದು. ಮೊದಲನೆಯದಕ್ಕೆ ನಾವು ಕಣ್ಣೀರು ಹಾಕುತ್ತೇವೆ, ಧಾರಾವಾಹಿ ಮಾಡುತ್ತೇವೆ. ಎರಡನೆಯದು ನಮಗೆ ಸಂಕಟವಾಗಿ ಕಂಡೇ ಇಲ್ಲ.

ಕಾನೂನಿಗೆ ಮಾತ್ರ ಅದು ಸ್ವಲ್ಪ ಕಂಡಿದೆ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 19ನೇ ಕಲಂ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಎಂದು ಹೇಳುತ್ತದೆ. ಅದೇ ಕಲಮಿನಲ್ಲಿ, ಅಂಥ ಮನೆಗಳಲ್ಲಿ ವೈದ್ಯಕೀಯ ಸೇವೆಯ ಜೊತೆಗೆ ನಿವಾಸಿಗಳ ಮನರಂಜನೆಗೂ ಸರ್ಕಾರ ನಿಯಮ ರೂಪಿಸಬಹುದು ಎಂಬ ಮಾತಿದೆ. ಮನರಂಜನೆ ಎಂದಕೂಡಲೇ ಎಲ್ಲರೂ ಹಜಾರದ ಮೂಲೆಗೆ ಒಂದು ಟಿವಿ ತೂಗುಹಾಕಿ ಕೈತೊಳೆದುಕೊಂಡರು. ಟಿವಿ ಬೇಡವೆಂದಲ್ಲ. ಆದರೆ ಅದರ ರಿಮೋಟು ಸಾಮಾನ್ಯವಾಗಿ ಮೇಲ್ವಿಚಾರಕರ ಕೈಯಲ್ಲಿರುತ್ತದೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಜನರಲ್ಲಿ ಸುಮಾರು ಶೇ 9.5 ಮಂದಿ ಅರವತ್ತು ದಾಟಿದವರಿದ್ದರು. ಆ ಪಾಲು ಏರುತ್ತಲೇ ಇದೆ. ಇದು ಬೇರೆಯವರ ಮನೆಯ ಮಾತಲ್ಲ.

ಆರೈಕೆ ಮತ್ತು ಕಲೆ ಬೇರೆ ಬೇರೆ ಇಲಾಖೆ ಎಂಬ ತಿಳಿವಳಿಕೆ ನಮ್ಮಲ್ಲಿ ಇತ್ತೀಚಿನದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಮಠವಿತ್ತು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಮಾಡುತ್ತದೆ: ವೇದ, ವ್ಯಾಕರಣ, ದರ್ಶನಗಳ ಪಾಠ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ಅದೇ ಉಸಿರಿನಲ್ಲಿ ಗಾಯಕರಿಗೆ, ವಾದ್ಯದವರಿಗೆ, ಕುಣಿಯುವವರಿಗೆ ಅನ್ನ, ರೋಗಿಗಳಿಗೆ ಔಷಧಿ. ಅನಾಥನೂ ಹಾಡುಗಾರನೂ ಒಂದೇ ಪಂಕ್ತಿಯಲ್ಲಿ ಕೂತರೆ ಊಟ ಮುಗಿದ ಮೇಲೆ ಏನಾಗಿರಬಹುದು ಎಂದು ಶಾಸನ ಬರೆದಿಲ್ಲ. ಊಹಿಸಲು ಕಷ್ಟವೂ ಇಲ್ಲ.

ಶಾಸನದಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧರ, ಅನಾಥರ ಆಶ್ರಯವಾಗಿ ಬೆಳೆದದ್ದು. ಕಟ್ಟಿದ ಪಂಚಾಕ್ಷರ ಗವಾಯಿಗಳಿಗೂ (1892–1944) ಅದನ್ನು ದಶಕಗಳ ಕಾಲ ನಡೆಸಿದ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣಿರಲಿಲ್ಲ. ಆಶ್ರಮವಾಸಿಗಳಿಗೆ ಸಂಗೀತ ಕೇಳಿಸಲು ಹೊರಗಿನಿಂದ ಯಾರನ್ನೋ ಕರೆಸಿ ಶಾಲು ಹೊದಿಸುವ ಪದ್ಧತಿ ಅಲ್ಲಿರಲಿಲ್ಲ. ಹಾಡಿದವರು ಆಶ್ರಮವಾಸಿಗಳೇ, ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ಆಶ್ರಮದ ಹೊಟ್ಟೆ ತುಂಬಿಸಿದವರೂ ಅವರೇ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಒಬ್ಬ ಬಡ ಹುಡುಗನನ್ನು ಅಲ್ಲಿಗೆ ಸೇರಿಸಿದವರು ಅವನ ಬಂಧು, ತೊಗಲುಗೊಂಬೆಯ ದೊಡ್ಡ ಕಲಾವಿದ ಬೆಳಗಲ್ಲು ವೀರಣ್ಣ. ಹುಡುಗ ಹತ್ತಕ್ಕೂ ಹೆಚ್ಚು ವರ್ಷ ಆಶ್ರಮದಲ್ಲೇ ಉಂಡು, ಕಲಿತು, ಪಂಡಿತ್ ಎಂ. ವೆಂಕಟೇಶ್ ಕುಮಾರ್ ಆದರು. ಆಶ್ರಯಧಾಮವೊಂದು ನಾಡಿಗೆ ಕೊಟ್ಟ ಕಲೆ ಇದು. ದೃಶ್ಯಕಲೆಯ ವಿಷಯದಲ್ಲಿ ನಮಗೆ ಇಂಥ ಒಂದು ಗದಗು ಹುಟ್ಟಲಿಲ್ಲ ಎಂಬುದೇ ಕೊರಗು.

ಪಕ್ಕದ ತಮಿಳುನಾಡಿನಲ್ಲಿ ಸಣ್ಣದಾಗಿ ಹುಟ್ಟಿತು. ಚೆಂಗಲ್ಪಟ್ಟು ಬಳಿಯ ಭರತಪುರಂ ಎಂಬ ಕುಷ್ಠರೋಗಿಗಳ ಕಾಲೊನಿಯಲ್ಲಿ 2005ರಲ್ಲಿ ಆಸ್ಟ್ರಿಯಾದ ಕಲಾವಿದ ವೆರ್ನರ್ ಡೋರ್ನಿಕ್ ಮತ್ತು ಸಮಾಜಸೇವಕಿ ಪದ್ಮಾ ವೆಂಕಟರಾಮನ್ ಸೇರಿ ಬಿಂದು ಕಲಾಶಾಲೆ ತೆರೆದರು. ಬೆರಳು ಕಳೆದುಕೊಂಡ, ಬಹುಪಾಲು ವಯಸ್ಸಾದ ಜನ ಕುಂಚ ಹಿಡಿದರು. ಅವರ ಚಿತ್ರಗಳು ವಿದೇಶಗಳಲ್ಲೂ ಪ್ರದರ್ಶನವಾದವು, ಮಾರಾಟವಾದವು. ಸಮಾಜ ಮುಟ್ಟಲು ಹೆದರಿದ ಕೈಗಳ ಕೆಲಸವನ್ನು ಅದೇ ಸಮಾಜ ಹಣ ಕೊಟ್ಟು ಮನೆಗೆ ಒಯ್ಯಿತು.

ಇಷ್ಟಾದರೂ ಒಂದು ಆಕ್ಷೇಪ ಎದ್ದೇ ಏಳುತ್ತದೆ, ಅದು ಹಗುರವಾದದ್ದೂ ಅಲ್ಲ. ಹಾಸಿಗೆ ಸಾಲದು, ಆಯಾ ಇಲ್ಲ, ವಾರಕ್ಕೊಮ್ಮೆ ಬರುವ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಾರೆ, ಇದರ ಮಧ್ಯೆ ಚಿತ್ರ ಯಾಕೆ? ಹಸಿದವನಿಗೆ ಮೊದಲು ಅನ್ನ ಎಂಬುದರಲ್ಲಿ ತಕರಾರಿಲ್ಲ. ಬಣ್ಣ ಬಳಿದು ಹೊಲಸು ಮುಚ್ಚುವ ಆಡಳಿತಗಳೂ ಇವೆ. ಸಚಿವರು ಬರುವ ಹಿಂದಿನ ದಿನ ಗೋಡೆಯ ಮೇಲೆ ನವಿಲು ಮೂಡುವುದನ್ನು ಯಾರು ನೋಡಿಲ್ಲ? ಆರೈಕೆ ಕೆಟ್ಟಿರುವ ಕಡೆ ಚಿತ್ರವನ್ನು ಸಾಕ್ಷಿಯಾಗಿ ತೋರಿಸುವುದು ಮೋಸ. ಆದರೆ ಅನ್ನ ಔಷಧಿಗಳು ಸರಿಯಾಗುವವರೆಗೆ ಗೋಡೆ ಬರಿದಾಗಿಯೇ ಇರಲಿ ಎನ್ನುವುದು ಬೇರೆ ಮಾತು. ಅದು ಬಡವರ ಬಾಯಿಂದ ಬರುವ ಮಾತೂ ಅಲ್ಲ. ಹಂಪಿಯ ಜಾತ್ರೆಗೆ ಸಾಲ ಮಾಡಿ ಹೋಗುವವರು, ಗುಡಿಸಲ ಹೊಸ್ತಿಲಿಗೂ ಅರಿಸಿನ ಬಳಿದು ಚುಕ್ಕಿ ಇಡುವವರು ಕಲೆಯನ್ನು ಊಟವಾದ ಮೇಲಿನ ಎಲೆಯಡಿಕೆ ಎಂದು ಯಾವತ್ತೂ ತಿಳಿದಿಲ್ಲ.

ವೈದ್ಯಕೀಯದ ಲೆಕ್ಕವೂ ಒಂದಿಷ್ಟು ಇದೆ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಮೂಲಪಾಠ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ಜೋಡಿ ಮಾಡಿ ಹೋಲಿಸಿದರು. ಅರ್ಧದಷ್ಟು ಜನರ ಕಿಟಕಿಯಾಚೆ ಮರಗಳಿದ್ದವು, ಉಳಿದರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ, ಗೋಡೆ ಕಂಡವರು 8.70 ದಿನಕ್ಕೆ ಮನೆಗೆ ಹೋದರು. ಮರ ಕಂಡವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಕಲೆ ಮತ್ತು ಆರೋಗ್ಯ ಕುರಿತ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಪ್ರಯೋಜನವಿದೆ ಎಂಬ ಕಡೆಗೆ ವಾಲಿತು. ಎಲ್ಲ ಅಧ್ಯಯನಗಳೂ ಒಂದೇ ಗುಣಮಟ್ಟದವಲ್ಲ. ಚಿತ್ರ ನೋಡಿ ಸಕ್ಕರೆ ಕಾಯಿಲೆ ಇಳಿಯಿತು ಎಂದು ಹೇಳಿಕೊಂಡು ತಿರುಗುವವರನ್ನು ದೂರವಿಡುವುದೇ ಕ್ಷೇಮ.

ಉಲ್ರಿಚ್ ಅವರದೇ ಇನ್ನೊಂದು ಕೆಲಸ ಕಲಾವಿದರು ಓದಲೇಬೇಕಾದದ್ದು. ಸ್ವೀಡನ್ನಿನ ಉಪ್ಸಾಲಾದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದವರ ಹಾಸಿಗೆಯ ಕಾಲ್ಬದಿಗೆ ಬೇರೆ ಬೇರೆ ಚಿತ್ರಗಳನ್ನಿಟ್ಟು ನೋಡಿದಾಗ ನೀರು ಮತ್ತು ಮರಗಳ ನೋಟ ಕಂಡವರ ಕಳವಳ ಕಡಿಮೆಯಿತ್ತು. ಗೆರೆಗೆರೆಯ ಅಮೂರ್ತ ಚಿತ್ರ ಕಂಡವರ ಕಳವಳವಾದರೋ ಚಿತ್ರವೇ ಇಲ್ಲದವರಿಗಿಂತ ಹೆಚ್ಚಾಗಿತ್ತು. ಕೆಟ್ಟ ಆಯ್ಕೆ ಬರಿಗೋಡೆಗಿಂತ ಕಡೆ ಎಂದಾಯಿತು. ಗ್ಯಾಲರಿಯಲ್ಲಿ ಇಷ್ಟವಾಗದ ಚಿತ್ರದ ಮುಂದಿನಿಂದ ಹೆಜ್ಜೆ ಸರಿಸಬಹುದು. ಹಾಸಿಗೆಗೆ ಕಾಲಿಲ್ಲ.

ಹಾಗೆಂದು ಎಲ್ಲ ಗೋಡೆಗೂ ಸ್ವಿಟ್ಜರ್ಲೆಂಡಿನ ಹಸಿರು ಕಣಿವೆ ಅಂಟಿಸುವುದು ಪರಿಹಾರವಲ್ಲ. ಕಂಪ್ಲಿ, ಸಂಡೂರಿನ ಮುದುಕರಿಗೆ ನೆಮ್ಮದಿ ಕೊಡುವ ನೋಟ ಪೈನ್ ಮರದ್ದಲ್ಲ. ಒಂದರ ಮೇಲೊಂದು ಕೂತ ಹೆಬ್ಬಂಡೆ, ಅದರ ಸಂದಿನ ಹೊಳೆ, ದರೋಜಿ ಕೆರೆಯ ಏರಿ, ಭತ್ತದ ಗದ್ದೆಯ ಬದುವಿನ ಮೇಲೆ ಬಿಳಿ ಕೊಕ್ಕರೆ. ನೋವಿನ ಚಿತ್ರಗಳನ್ನು ಪೂರಾ ಹೊರಗಿಡಬೇಕೆಂದೂ ಇಲ್ಲ. ಈಗ ಫ್ರಾನ್ಸಿನಲ್ಲಿರುವ ಇಸೆನ್‌ಹೈಮ್ ಬಲಿಪೀಠದ ಚಿತ್ರಗಳನ್ನು ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದದ್ದು ಒಂದು ಮಠದ ಆಸ್ಪತ್ರೆಗೆ. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಮೈ ಸುಟ್ಟಂತಾಗಿ, ಕೈಕಾಲು ಕೊಳೆಯುತ್ತಿದ್ದ ರೋಗಿಗಳು ಅಲ್ಲಿದ್ದರು. ಗ್ರೂನೆವಾಲ್ಡ್ ಶಿಲುಬೆಯ ಮೇಲಿನ ಕ್ರಿಸ್ತನ ಮೈತುಂಬ ಹುಣ್ಣು ಬರೆದ. ರೋಗಿಗಳು ತಮ್ಮ ಮೈಯನ್ನೇ ದೇವರ ಮೈಯಲ್ಲಿ ಕಂಡರು. ಕಂಪ್ಲಿ ಸೀಮೆಯಲ್ಲಿ ಅಂಥ ಕಥೆಗಳಿಗೆ ಬರವೇ? ಕಂಪಿಲರಾಯನ ಮಗ ಕುಮಾರರಾಮನ ಕಥೆ ಮೋಸ, ಸೆರೆ, ಸಾವು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದೆ. ಬುರ್ರಕಥೆಯ ದರೋಜಿ ಈರಮ್ಮ ಅಂಥ ಹತ್ತಾರು ದೊಡ್ಡ ಕಾವ್ಯಗಳನ್ನು ಅಕ್ಷರ ಕಲಿಯದೆ ನೆನಪಿನಿಂದಲೇ ಹಾಡಿದರು, 2014ರಲ್ಲಿ ತೀರಿಕೊಂಡರು. ಆ ಕಥೆಗಳನ್ನು ಕೇಳುತ್ತ ಬೆಳೆದ ತಲೆಮಾರೇ ಈಗ ಹಾಸಿಗೆ ಹಿಡಿಯುತ್ತಿರುವುದು. ಅವರ ಎದುರಿನ ಗೋಡೆಯ ಮೇಲೆ ಕುಮಾರರಾಮ ಕುದುರೆ ಏರಿ ಬಂದರೆ ಯಾರೂ ಕೆಳಗೆ ವಿವರಣೆಯ ಚೀಟಿ ಅಂಟಿಸಬೇಕಾಗಿಲ್ಲ.

ಇನ್ನು ಕಣ್ಣಿನ ಮಾತು. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ನೇರಳೆ ಮಂಕಾಗುತ್ತವೆ. ಅರವತ್ತರ ಕಣ್ಣಿನ ಒಳಪದರಕ್ಕೆ ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತದೆ. ತಿಳಿಬಣ್ಣದ ಮೇಲೆ ತಿಳಿಬಣ್ಣ ಬಳಿದು ಸೊಗಸು ಎಂದುಕೊಳ್ಳುವ ವಾಸ್ತುಶಿಲ್ಪಿಗೆ ಇದು ಗೊತ್ತಿರಬೇಕು. ಗಾಜು ಹಾಕಿದ ಚಿತ್ರದಲ್ಲಿ ಮುದುಕರಿಗೆ ಕಾಣುವುದು ಕಿಟಕಿಯ ಪ್ರತಿಫಲನ. ನಿಂತವರ ಕಣ್ಣಿನ ಮಟ್ಟಕ್ಕೆ ಹೊಡೆದ ಮೊಳೆ ಗಾಲಿಕುರ್ಚಿಯವರಿಗೆ ಒಂದು ಅಡಿಗಿಂತ ಹೆಚ್ಚೇ ಮೇಲೆ. ಮರೆವಿನ ಕಾಯಿಲೆಯವರಿಗೆ ನುಣುಪು ನೆಲದ ಹೊಳಪು ನೀರಿನಂತೆ ಕಾಣುತ್ತದೆ, ಕಪ್ಪು ಕಾಲೊರಸು ಗುಂಡಿಯಂತೆ. ನೆಲದಲ್ಲಿ ಮಾಡಿದ ಚಂದದ ಕಪ್ಪು ಬಿಳುಪು ವಿನ್ಯಾಸ ಅವರನ್ನು ಎಡವಿಸಬಹುದು. ಈ ದೃಷ್ಟಿಯಿಂದ ನೋಡಿದರೆ ಬಳ್ಳಾರಿಯ ತೊಗಲುಗೊಂಬೆಗೆ ಹೊಸ ಬೆಲೆ ಬರುತ್ತದೆ. ಹದ ಮಾಡಿದ ಪಾರದರ್ಶಕ ಚರ್ಮ, ಗಟ್ಟಿ ಕಪ್ಪು ಗೆರೆ, ಕೆಂಪು ಹಸಿರು, ಸಾಲು ತೂತುಗಳು, ಹಿಂದಿನಿಂದ ಬೆಳಕು: ಕತ್ತಲಲ್ಲಿ ದೂರ ಕೂತವರಿಗೂ ಕಾಣಲೆಂದೇ ತಲೆತಲಾಂತರದಿಂದ ತಿದ್ದಿಕೊಂಡು ಬಂದ ಕಲೆ ಅದು. ಮಂದಗಣ್ಣಿನವರ ಕೋಣೆಗೆ ಇದಕ್ಕಿಂತ ಹೇಳಿ ಮಾಡಿಸಿದ ದೃಶ್ಯಭಾಷೆ ಸಿಗುವುದು ಕಷ್ಟ. ರಾತ್ರಿ ಉರಿಯುವ ಸಣ್ಣ ದೀಪದ ಮುಂದೆ ಒಂದು ಗೊಂಬೆ ತೂಗಿದರೂ ಸಾಕು.

ಮಲಗಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಕಟ್ಟಡಗಳು ಇಲ್ಲದಿಲ್ಲ. ಫಿನ್ಲೆಂಡಿನ ಪೈಮಿಯೊದಲ್ಲಿ ಆಲ್ವಾರ್ ಆಲ್ಟೊ ಕಟ್ಟಿದ ಕ್ಷಯರೋಗಿಗಳ ಆರೋಗ್ಯಧಾಮ 1933ರಲ್ಲಿ ತೆರೆಯಿತು. ರೋಗಿ ಅಂಗಾತ ಮಲಗಿರುತ್ತಾನೆ ಎಂಬುದರಿಂದಲೇ ಆಲ್ಟೊ ಲೆಕ್ಕ ಶುರುಮಾಡಿದರು: ಚಾವಣಿಗೆ ಗೋಡೆಗಿಂತ ಗಾಢವಾದ ತಣ್ಣನೆಯ ಬಣ್ಣ, ಕಣ್ಣಿಗೆ ಚುಚ್ಚದ ಕಡೆ ದೀಪ, ಪಕ್ಕದವನ ನಿದ್ದೆ ಕೆಡದಂತೆ ಸದ್ದಿಲ್ಲದೆ ನೀರು ಬೀಳುವ ಬೇಸಿನ್. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅಲ್ಲಿ ವಾರ್ಡುಗಳನ್ನು ನೀರಿನ ಕೊಳವೊಂದರ ಸುತ್ತ ಜೋಡಿಸಿದರು. ಕಲ್ಲಿನ ಗೋಡೆ, ಜಗಲಿ, ನೀರ ಮೇಲಿನ ಬೆಳಕು ಎಲ್ಲ ಹಾಸಿಗೆಯ ಕಡೆಗೇ ಮುಖ ಮಾಡಿವೆ. ಗೋಡೆಗೆ ಚಿತ್ರ ತೂಗುಹಾಕುವ ಮೊದಲೇ ಅರ್ಧ ಕೆಲಸ ಮುಗಿದಿದೆ.

ನಮ್ಮ ಜಿಲ್ಲೆಗಳಲ್ಲಿ ಅಂಥ ಕಟ್ಟಡ ನಾಳೆಯೇ ಏಳುವುದಿಲ್ಲ. ಆದರೆ ಕೌದಿ ಇವತ್ತೇ ಹೊಲಿಯಬಹುದು. ಉತ್ತರ ಕರ್ನಾಟಕದ ಮುದುಕಿಯರಿಗೆ ಕೌದಿ ಯಾರೂ ಕಲಿಸಬೇಕಿಲ್ಲ: ಸವೆದ ಸೀರೆ, ಹರಿದ ಧೋತರ, ಮೊಮ್ಮಗಳ ಲಂಗದ ತುಂಡು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತ ಬರುವುದು. ಆಶ್ರಮ ಸೇರುವಾಗ ತಂದ ಟ್ರಂಕಿನಲ್ಲಿ ಉಟ್ಟು ಬಿಟ್ಟ ಬಟ್ಟೆಗಳಿದ್ದೇ ಇರುತ್ತವೆ. ಒಬ್ಬೊಬ್ಬರದೂ ಒಂದೊಂದು ತುಂಡು ಸೇರಿದ ಕೌದಿ ಊಟದ ಕೋಣೆಯ ಗೋಡೆಯ ಮೇಲೆ ಬಂದರೆ ಅದಕ್ಕೆ ಗಾಜು ಬೇಡ, ಚೌಕಟ್ಟು ಬೇಡ. ಕೊಳೆಯಾದರೆ ಒಗೆಯಬಹುದು, ಕಣ್ಣು ಕಾಣದವರು ಮುಟ್ಟಿ ಓದಬಹುದು, ಗಂಡನ ಪಂಚೆಯ ತುಂಡು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು.

ಇದರ ಪಕ್ಕದಲ್ಲಿ ಸಂಡೂರಿನ ಲಂಬಾಣಿ ಕಸೂತಿ ನಿಲ್ಲುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆ ಕಸೂತಿಯಲ್ಲಿ ಕನ್ನಡಿ ಬಿಲ್ಲೆ, ಕವಡೆ, ನಾಣ್ಯ, ಉಬ್ಬು ದಾರ ಎಲ್ಲವೂ ಬೆರಳಿಗೆ ಸಿಗುತ್ತವೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ ಸಂಡೂರು ಕುಶಲಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1755 ವಸ್ತುಗಳು ಒಟ್ಟಿಗೆ ಪ್ರದರ್ಶನಗೊಂಡು ಗಿನ್ನೆಸ್ ದಾಖಲೆಯಾಯಿತು. ವಿದೇಶಿ ಪ್ರತಿನಿಧಿಗಳು ನೋಡಿದರು, ಫೋಟೊ ತೆಗೆದರು, ಹೋದರು. ಅದರಲ್ಲಿ ಹದಿನೈದೇ ವಸ್ತು ಬಳ್ಳಾರಿ ಜಿಲ್ಲೆಯ ಆರೈಕೆಯ ಮನೆಗಳ ಗೋಡೆಗೆ ಬಂದಿದ್ದರೆ ಯಾವ ದಾಖಲೆಯೂ ಆಗುತ್ತಿರಲಿಲ್ಲ ನಿಜ. ಆದರೆ ತಾಂಡಾದಿಂದ ಬಂದ ಒಬ್ಬ ಅಜ್ಜಿ ಅದರ ಹೊಲಿಗೆ ನೋಡಿ ತಪ್ಪು ಹುಡುಕುತ್ತಿದ್ದಳು. ತಪ್ಪು ಹುಡುಕುವವಳು ರೋಗಿಯಲ್ಲ, ಪರಿಣತೆ.

ಕಲಾವಿದರಿಗೇನೂ ಕೊರತೆಯಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗವಿದೆ. ತೋರಣಗಲ್ಲಿನ ಪಕ್ಕದ ವಿದ್ಯಾನಗರದಲ್ಲಿ 2024ರಲ್ಲಿ ‘ಹಂಪಿ ಆರ್ಟ್ ಲ್ಯಾಬ್ಸ್’ ತೆರೆದಿದೆ. ದೇಶವಿದೇಶದ ಕಲಾವಿದರು ತಂಗಿ ಕೆಲಸ ಮಾಡುವ, ಸಮೀಪ್ ಪಡೋರಾ ವಿನ್ಯಾಸದ ಆ ಕಟ್ಟಡ ನೋಡುವಂಥದ್ದೇ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳಿವೆ. ವಿರೂಪಾಕ್ಷ ಗುಡಿಯ ಚಾವಣಿಗೆ ಕೈಹಚ್ಚಿದವರು ತಮ್ಮ ಹಿರಿಯರೇ ಎಂಬ ನಂಬಿಕೆ ಅವರಲ್ಲಿದೆ. ಇವರೆಲ್ಲರಿಗಿಂತ ಹತ್ತಿರದಲ್ಲಿ ಇರುವವರು ಕಂಪ್ಲಿ, ಹೊಸಪೇಟೆಗಳ ಬೋರ್ಡ್ ಬರೆಯುವ ಕಲಾವಿದರು. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚ ಒಣಗಿತು. ರಾಜ್‌ಕುಮಾರ್ ಅವರ ಮುಖವನ್ನು ಹತ್ತು ಅಡಿಗೆ ಹಿಗ್ಗಿಸಿ ಬರೆಯಬಲ್ಲ ಕೈಗೆ, ದೂರದಿಂದ ಓದಲಾಗುವ ಅಕ್ಷರದ ಗುಟ್ಟು ಬಲ್ಲ ಕಣ್ಣಿಗೆ, ವಾರ್ಡಿನ ಗೋಡೆ ಏನು ಮಹಾ? ಬಣ್ಣ ಕೊಳ್ಳುವಾಗ ಮಾತ್ರ ಸೀಸ ನೋಡಬೇಕು; ಗೃಹಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆ.

ಆದರೆ ಯಾರು ಬರೆದರೂ ಮೊದಲು ಕೇಳಬೇಕು. ಇಲ್ಲಿ ನಮ್ಮ ಅಭ್ಯಾಸ ಕೆಟ್ಟದ್ದು. ಹುಟ್ಟುಹಬ್ಬಕ್ಕೆ ಕೇಕು ತಂದು, ಮುದುಕರ ಬಾಯಿಗಿಟ್ಟು, ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕುವ ಉತ್ಸಾಹವೇ ಗೋಡೆಗೂ ಬಂದರೆ ಅಲ್ಲಿ ‘ತಾಯಿಯೇ ದೇವರು’ ಎಂಬ ಬರಹ ಮೂಡುತ್ತದೆ. ಮಗ ಬಿಟ್ಟುಹೋದ ತಾಯಿ ಆ ಬರಹವನ್ನು ದಿನಾ ಓದಬೇಕು! ವೃದ್ಧಾಶ್ರಮದ ಗೋಡೆಗೆ ನೀತಿವಾಕ್ಯ ಬರೆಸುವುದನ್ನು ಒಂದು ಆದೇಶ ಹೊರಡಿಸಿಯಾದರೂ ನಿಲ್ಲಿಸಬೇಕು.

ಒಳ್ಳೆಯ ಮನಸ್ಸಿನಿಂದ ಮಾಡಿದ ಮೋಸದ ಪ್ರಶ್ನೆಯೂ ಇದೆ. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಬೆನ್ರಾಥ್ ವೃದ್ಧಾಶ್ರಮದ ಮುಂದೆ ಬಸ್ಸೇ ಬರದ ಒಂದು ಬಸ್ ನಿಲ್ದಾಣ ಕಟ್ಟಿದರು. ಮರೆವಿನ ಕಾಯಿಲೆಯವರು ‘ಮನೆಗೆ ಹೋಗಬೇಕು’ ಎಂದು ಹೊರಟರೆ ಬೀದಿಯಲ್ಲಿ ಕಳೆದುಹೋಗದೆ ಅಲ್ಲಿ ಬಂದು ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಹೊರಟದ್ದೇ ಮರೆತು, ಸಿಬ್ಬಂದಿಯ ಜೊತೆ ಕಾಫಿ ಕುಡಿಯಲು ಒಳಗೆ ಬರುತ್ತಾರೆ. ಹಲವು ದೇಶಗಳು ಇದನ್ನು ಅನುಕರಿಸಿದವು. ಹೊರಬಾಗಿಲು ಗೊತ್ತಾಗದಂತೆ ಅದರ ಮೇಲೆ ಪುಸ್ತಕದ ಕಪಾಟು ಬರೆಯುವುದೂ ನಡೆದಿದೆ. ಜೀವ ಉಳಿಯುವುದಾದರೆ ಬಸ್ ನಿಲ್ದಾಣವನ್ನು ಒಪ್ಪಬಹುದು. ಕೂರಲು ಬೆಂಚು, ನೋಡಲು ರಸ್ತೆಯಾದರೂ ಅಲ್ಲಿದೆ. ಬಾಗಿಲನ್ನು ಗೋಡೆ ಮಾಡಿ ತೋರಿಸುವುದು ಮಾತ್ರ ಸೆರೆಮನೆಯ ಕಲೆ. ಎಮ್ಮಿಗನೂರಿನ ಕಡೆಯ ಮುದುಕರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸುಳ್ಳು ಫಲಕ ಬೇಕಾಗಿಲ್ಲ, ಬೀದಿಗೆ ತೆರೆದ ಒಂದು ಕಟ್ಟೆ ಬೇಕು. ಆಶ್ರಮದ ಕಾಂಪೌಂಡಿಗೆ ತಾಗಿ ಹೊರಮುಖವಾಗಿ ಕಟ್ಟೆ ಕಟ್ಟಿ, ಆ ಕಾಂಪೌಂಡಿನ ಹೊರಗೋಡೆಯನ್ನು ಒಳಗಿನವರ ಚಿತ್ರಕ್ಕೆ ಬಿಟ್ಟುಕೊಟ್ಟರೆ ಶಾಲೆಗೆ ಹೋಗುವ ಮಕ್ಕಳೂ ಹಾಲು ತರುವವರೂ ನಿಂತು ನೋಡುತ್ತಾರೆ, ಎರಡು ಮಾತಾಡುತ್ತಾರೆ.

ಹಣ? ಸ್ವೀಡನ್ 1937ರಲ್ಲೇ ಸರ್ಕಾರಿ ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟನ್ನು ಕಲೆಗೆ ಎಂದು ಗೊತ್ತುಮಾಡಿತು. ಬ್ರಿಟನ್ನಿನಲ್ಲಿ ‘ಪೇಂಟಿಂಗ್ಸ್ ಇನ್ ಹಾಸ್ಪಿಟಲ್ಸ್’ ಎಂಬ ದತ್ತಿಸಂಸ್ಥೆ 1959ರಿಂದ ಆಸ್ಪತ್ರೆಗಳಿಗೆ ಚಿತ್ರಗಳನ್ನು ಎರವಲು ಕೊಡುತ್ತಿದೆ, ಬೇಸರವಾದರೆ ಬದಲಾಯಿಸಬಹುದು. ಬಳ್ಳಾರಿ ಜಿಲ್ಲೆಗೆ ಬಡತನದ ನೆಪ ಹೇಳುವ ಹಕ್ಕಿಲ್ಲ. ಸಂಡೂರಿನ ಗುಡ್ಡಗಳನ್ನು ಅಗೆದು ಸಾಗಿಸಿದ ಅದಿರಿನ ಪಾಲಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಬರುತ್ತದೆ. 2015ರ ತಿದ್ದುಪಡಿಯಿಂದ ಹುಟ್ಟಿದ ಈ ನಿಧಿಯನ್ನು ಖರ್ಚು ಮಾಡುವ ನಿಯಮಗಳಲ್ಲಿ ವೃದ್ಧರ ಮತ್ತು ಅಂಗವಿಕಲರ ಕಲ್ಯಾಣ ಆದ್ಯತೆಯ ಬಾಬ್ತುಗಳಲ್ಲೊಂದು. ಗುಡ್ಡದ ಧೂಳು ಕುಡಿದು ಮುದುಕರಾದವರಿಗೆ ಅದರ ದುಡ್ಡಿನಲ್ಲಿ ಒಂದು ಚಿತ್ರ ಕೇಳುವುದು ಭಿಕ್ಷೆಯಲ್ಲ.

ನಿರ್ವಹಣೆಗೂ ಅದರಲ್ಲೇ ಹಣ ತೆಗೆದಿಡಬೇಕು. ಬಳ್ಳಾರಿಯ ಬಿಸಿಲಿಗೆ ಹೊರಗೋಡೆಯ ಬಣ್ಣ ಎರಡು ಮೂರು ಬೇಸಿಗೆಗೆ ಸುಸ್ತಾಗುತ್ತದೆ, ಸಿಪ್ಪೆ ಎದ್ದ ಚಿತ್ರ ನೋಡುವವರ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ಆದ್ದರಿಂದ ಒಂದೇ ಸಲ ದೊಡ್ಡ ಮೊತ್ತಕ್ಕೆ ಟೆಂಡರು ಕರೆಯುವುದಕ್ಕಿಂತ ವರ್ಷವರ್ಷವೂ ಒಬ್ಬ ಸ್ಥಳೀಯ ಕಲಾವಿದನಿಗೆ ಒಂದೆರಡು ತಿಂಗಳ ಸಂಬಳ ಕೊಟ್ಟು ಅಲ್ಲೇ ಕೂರಿಸುವುದು ಲೇಸು. ಹಳೆಯದನ್ನು ತಿದ್ದಲಿ, ಹೊಸಬರ ಕಥೆ ಕೇಳಿ ಹೊಸದನ್ನು ಬರೆಯಲಿ, ತೀರಿಕೊಂಡವರ ಕೌದಿಯ ತುಂಡನ್ನು ಕಿತ್ತುಹಾಕದೆ ಅದರ ಪಕ್ಕಕ್ಕೆ ಇನ್ನೊಂದನ್ನು ಹೊಲಿಸಲಿ.

ಸಂಡೂರಿನ ಗಣಿಬಾಧಿತ ಹಳ್ಳಿಗಳವರು ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಡಾವಳಿ ಪುಸ್ತಕಕ್ಕೆ ಬರೆಸಲಿ: ಖನಿಜ ನಿಧಿಯಿಂದ ವೃದ್ಧರಿಗಾಗಿ ಕಟ್ಟುವ ಪ್ರತಿ ಕಟ್ಟಡದ ಅಂದಾಜು ಪಟ್ಟಿಯಲ್ಲಿ ನೂರಕ್ಕೆ ಒಂದು ರೂಪಾಯಿ ನಿವಾಸಿಗಳು ಆರಿಸಿದ ಕಲೆಗೆ. ಕಂಪ್ಲಿ, ಎಮ್ಮಿಗನೂರಿನ ಓದುಗರಲ್ಲಿ ಯಾರಿಗಾದರೂ ಬಂಧುವೊಬ್ಬರು ಆರೈಕೆಯ ಮನೆಯಲ್ಲಿದ್ದರೆ ಮುಂದಿನ ಸಲ ಬಾಳೆಹಣ್ಣಿನ ಚೀಲದ ಜೊತೆಗೆ ಮನೆಯ ಒಂದು ಹಳೆಯ ಸೀರೆ, ಎರಡು ಉಂಡೆ ದಾರ, ದಪ್ಪ ಕಣ್ಣಿನ ಸೂಜಿ ಒಯ್ಯಿರಿ. ಮೇಲ್ವಿಚಾರಕರು ಯಾಕೆ ಎಂದು ಕೇಳಿದರೆ 2007ರ ಕಾಯ್ದೆಯ 19ನೇ ಕಲಮನ್ನು ತೋರಿಸಿರಿ.